ಕಾರಿನಲ್ಲಿ ಬ್ಲ್ಯಾಕ್ ಬಾಕ್ಸ್, ಇನ್ಶೂರೆನ್ಸ್‌ನಲ್ಲಿ ರಿಯಾಯಿತಿ: ಯಾರಿಗೆ ಯಾವುದು ಸರಿ?

ಈ ತಿಂಗಳು ಮೂರು ಜನ ನನ್ನ ಹತ್ತಿರ ಹೆಚ್ಚುಕಡಿಮೆ ಒಂದೇ ಪ್ರಶ್ನೆ ಕೇಳಿದರು. ಮೊದಲನೆಯವರು ಪಕ್ಕದ ಮನೆಯ ನಿವೃತ್ತ ಮೇಷ್ಟ್ರು. ಅವರ ಕಾರು ವಾರಕ್ಕೆ ಎರಡು ಸಲ ಗೇಟು ದಾಟುತ್ತದೆ, ಒಂದು ಸಲ ಮಾರ್ಕೆಟ್ಟಿಗೆ, ಇನ್ನೊಂದು ಸಲ ದೇವಸ್ಥಾನಕ್ಕೆ. ಎರಡನೆಯವರು ನಮ್ಮ ಅತ್ತಿಗೆ. ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್, ತಿಂಗಳಲ್ಲಿ ಹತ್ತು ದಿನ ನೈಟ್ ಡ್ಯೂಟಿ. ಮೂರನೆಯವನು ನನ್ನ ಹಳೆಯ ಗೆಳೆಯ. ದೊಡ್ಡ ಹೊಸ ಕಾರು ತಗೊಂಡಿದ್ದಾನೆ, ಮಗನಿಗೆ ಹತ್ತೊಂಬತ್ತು ವರ್ಷ, ಡಿಎಲ್ ಬಂದು ನಾಲ್ಕೇ ತಿಂಗಳು. ಮೂವರಿಗೂ ಇನ್ಶೂರೆನ್ಸ್‌ನವರ ಫೋನ್ ಬಂದಿತ್ತು. "ಸರ್, ಓಡಿಸಿದಷ್ಟಕ್ಕೆ ಮಾತ್ರ ಕಟ್ಟಿ." "ಮೇಡಂ, ಚೆನ್ನಾಗಿ ಓಡಿಸಿದ್ರೆ ಡಿಸ್ಕೌಂಟ್ ಇದೆ, ಒಂದು ಆಪ್ ಹಾಕ್ಕೊಂಡ್ರೆ ಸಾಕು." ಹಾಕಿಕೊಳ್ಳಬೇಕಾ, ಬೇಡವಾ?

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನಮ್ಮ ದೇಶದಲ್ಲಿ ಈ ರಿಯಾಯಿತಿ ಸಿಗುವುದು ಪ್ರೀಮಿಯಂನ ಒಂದು ತುಂಡಿನ ಮೇಲೆ ಮಾತ್ರ. ಹಾಗಾಗಿ ಹೆಚ್ಚಿನವರಿಗೆ ಕಿಲೋಮೀಟರ್ ಲೆಕ್ಕದ ಪಾಲಿಸಿ ಸಾಕು. ನೀವು ಎಲ್ಲಿ ಹೋದಿರಿ, ಎಷ್ಟು ಹೊತ್ತಿಗೆ ಹೋದಿರಿ, ಹೇಗೆ ಬ್ರೇಕ್ ಹಾಕಿದಿರಿ ಅನ್ನುವುದನ್ನೆಲ್ಲ ಕೊಟ್ಟು ಪಡೆಯುವ ರಿಯಾಯಿತಿ ಕೆಲವರಿಗೆ ಮಾತ್ರ ಲಾಭ. ಆ ಕೆಲವರು ಯಾರು ಅನ್ನುವುದು ನಿಧಾನಕ್ಕೆ ಗೊತ್ತಾಗುತ್ತದೆ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಬ್ಲ್ಯಾಕ್ ಬಾಕ್ಸ್ ಅಂತ ಜನ ಎರಡು ಬೇರೆ ಬೇರೆ ವಸ್ತುಗಳಿಗೆ ಹೇಳುತ್ತಾರೆ.

ಒಂದು, ಅಪಘಾತದ ಕ್ಷಣ ಬರೆದಿಟ್ಟುಕೊಳ್ಳುವ ರೆಕಾರ್ಡರ್, ಇಡಿಆರ್ ಅಂತ ಕರೆಯುತ್ತಾರೆ. ಇದು ಸಾಮಾನ್ಯವಾಗಿ ಏರ್‌ಬ್ಯಾಗ್ ನಿಯಂತ್ರಿಸುವ ಘಟಕದ ಒಳಗೇ ಇರುತ್ತದೆ. ಡಿಕ್ಕಿ ಆದಾಗ ಅದಕ್ಕಿಂತ ಹಿಂದಿನ ಕೆಲವು ಸೆಕೆಂಡುಗಳ ವೇಗ, ಬ್ರೇಕ್ ಒತ್ತಿದ್ದರಾ, ಆಕ್ಸಿಲರೇಟರ್ ಎಷ್ಟು ತುಳಿದಿದ್ದರು, ಸೀಟ್ ಬೆಲ್ಟ್ ಹಾಕಿದ್ದರಾ ಅನ್ನುವುದನ್ನು ಉಳಿಸಿಕೊಳ್ಳುತ್ತದೆ. ಡಿಕ್ಕಿ ಆಗದಿದ್ದರೆ ಹಳೆಯದರ ಮೇಲೆ ಹೊಸದು ಬರೆದುಕೊಂಡು ಹೋಗುತ್ತದೆ, ಅಷ್ಟೇ. ಅಮೆರಿಕದಲ್ಲಿ ಈ ಅವಧಿ 5 ಸೆಕೆಂಡ್ ಇತ್ತು, 20 ಸೆಕೆಂಡಿಗೆ ಏರಿಸುವ ನಿಯಮವನ್ನು 2024ರ ಡಿಸೆಂಬರ್‌ನಲ್ಲಿ ತಂದರು. ಯುರೋಪಿನ ಒಕ್ಕೂಟದಲ್ಲಿ 2024ರ ಜುಲೈಯಿಂದ ಮಾರಾಟವಾಗುವ ಪ್ರತಿ ಹೊಸ ಕಾರಿಗೂ ಇದು ಕಡ್ಡಾಯ. ಆದರೆ ಅಲ್ಲಿನ ಕಾನೂನು ಇನ್ನೊಂದು ಮಾತನ್ನೂ ಸೇರಿಸಿದೆ: ಕಾರಿನ ಗುರುತು ಹಿಡಿಯಲು ಆಗುವಂಥ ಏನನ್ನೂ ಆ ರೆಕಾರ್ಡರ್ ಬರೆದಿಡಬಾರದು, ಚಾಸಿಸ್ ನಂಬರಿನ ಕೊನೆಯ ನಾಲ್ಕು ಅಂಕಿ ಕೂಡ. ಒಳ್ಳೆಯ ಕಾನೂನು ಅಂತ ನನಗನ್ನಿಸುತ್ತದೆ.

ಇನ್ನೊಂದು, ಇನ್ಶೂರೆನ್ಸ್‌ನವರು ಹೇಳುವ ಟೆಲಿಮ್ಯಾಟಿಕ್ಸ್. ಇದರಲ್ಲಿ ಜಿಪಿಎಸ್ ಇರುತ್ತದೆ, ಸಿಮ್ ಇರುತ್ತದೆ ಅಥವಾ ನಿಮ್ಮ ಫೋನೇ ಆ ಕೆಲಸ ಮಾಡುತ್ತದೆ. ಡಿಕ್ಕಿಗೆ ಕಾಯುವುದಿಲ್ಲ. ಕಾರು ಹೊರಟಾಗಿನಿಂದ ನಿಲ್ಲುವ ತನಕ ಬರೆಯುತ್ತಲೇ ಇರುತ್ತದೆ, ಬರೆದದ್ದನ್ನು ಬೇರೆಯವರ ಸರ್ವರ್‌ಗೆ ಕಳಿಸುತ್ತಲೇ ಇರುತ್ತದೆ. ಖಾಸಗಿತನದ ಪ್ರಶ್ನೆ ನಿಜವಾಗಿ ಏಳುವುದು ಇದರಲ್ಲೇ, ಮೊದಲನೆಯದರಲ್ಲಿ ಅಷ್ಟಿಲ್ಲ.

ಯಾವುದನ್ನು ನೋಡಿ ಆರಿಸಬೇಕು

ಎಲ್ಲಕ್ಕಿಂತ ಮೊದಲು ದುಡ್ಡು. ನಿಮ್ಮ ಹಳೆಯ ಪಾಲಿಸಿ ಕಾಗದ ತೆಗೆದು ಎದುರಿಗಿಟ್ಟುಕೊಳ್ಳಿ. ಅದರಲ್ಲಿ ಎರಡು ಭಾಗ ಇರುತ್ತದೆ. ಒಂದು ಥರ್ಡ್ ಪಾರ್ಟಿ, ಅಂದರೆ ನಿಮ್ಮ ಕಾರಿನಿಂದ ಬೇರೆಯವರಿಗೆ ಆಗುವ ಹಾನಿಗೆ. ಇದು ಕಾನೂನಿನ ಪ್ರಕಾರ ಕಡ್ಡಾಯ, ದರವನ್ನು ಸರ್ಕಾರ ನಿಗದಿ ಮಾಡುತ್ತದೆ. 2022ರ ಜೂನ್ 1ರಿಂದ ಜಾರಿಗೆ ಬಂದ ಪಟ್ಟಿಯಲ್ಲಿ 1000 ಸಿಸಿವರೆಗಿನ ಖಾಸಗಿ ಕಾರಿಗೆ ವರ್ಷಕ್ಕೆ 2,094 ರೂಪಾಯಿ, 1000ದಿಂದ 1500 ಸಿಸಿಗೆ 3,416, ಅದಕ್ಕೂ ಮೇಲೆ 7,897. ನೀವು ಎಷ್ಟೇ ಜಾಣತನದಿಂದ ಓಡಿಸಿ, ಈ ಭಾಗದಲ್ಲಿ ಒಂದು ರೂಪಾಯಿಯೂ ಇಳಿಯುವುದಿಲ್ಲ. ಎರಡನೆಯದು ಓನ್ ಡ್ಯಾಮೇಜ್, ನಿಮ್ಮ ಕಾರಿಗೇ ಆಗುವ ಹಾನಿಗೆ. ವಿಮಾ ಕಂಪನಿಗಳ ಮೇಲ್ವಿಚಾರಣೆ ಮಾಡುವ ಐಆರ್‌ಡಿಎಐ 2022ರ ಜುಲೈನಲ್ಲಿ ಓಡಿಸಿದಷ್ಟಕ್ಕೆ ಕಟ್ಟುವ ಪಾಲಿಸಿ, ಓಡಿಸುವ ರೀತಿ ನೋಡಿ ಕಟ್ಟುವ ಪಾಲಿಸಿ, ಒಬ್ಬರದೇ ಹಲವು ವಾಹನಗಳಿಗೆ ಸೇರಿಸಿ ಒಂದು ಪಾಲಿಸಿ ಅಂತ ಮೂರು ಬಗೆಗೆ ಒಪ್ಪಿಗೆ ಕೊಟ್ಟಿತಲ್ಲ, ಅದೆಲ್ಲ ಈ ಎರಡನೆಯ ಭಾಗಕ್ಕೆ ಮಾತ್ರ.

ನನ್ನದೇ ಕಾರಿನ ಲೆಕ್ಕ ಹೇಳುತ್ತೇನೆ, ನೀವೂ ಹಾಗೆಯೇ ಹಾಕಿ ನೋಡಿ. 1200 ಸಿಸಿ ಕಾರು. ನೋ ಕ್ಲೈಮ್ ಬೋನಸ್, ಅಂದರೆ ಕ್ಲೈಮ್ ಮಾಡದ್ದಕ್ಕೆ ಸಿಗುವ ರಿಯಾಯಿತಿ, ಕಳೆದ ಮೇಲೆ ಓನ್ ಡ್ಯಾಮೇಜ್ 4,200 ರೂಪಾಯಿ, ಥರ್ಡ್ ಪಾರ್ಟಿ 3,416, ಚಾಲಕನ ಅಪಘಾತ ವಿಮೆ 330. ಒಟ್ಟು 7,946. ಮೇಲೆ ಶೇಕಡಾ 18 ಜಿಎಸ್‌ಟಿ ಸೇರಿ ಸುಮಾರು 9,376. ಫೋನಿನಲ್ಲಿ ಮಾತಾಡಿದ ಹುಡುಗ "ಟ್ವೆಂಟಿ ಪರ್ಸೆಂಟ್ ಆಫ್ ಸರ್" ಅಂದಾಗ ನನ್ನ ತಲೆಗೆ ಬಂದದ್ದು 1,875 ರೂಪಾಯಿ. ನಿಜವಾಗಿ ಉಳಿಯುವುದು 4,200ರಲ್ಲಿ ಶೇಕಡಾ 20, ಅಂದರೆ 840, ಜಿಎಸ್‌ಟಿ ಸೇರಿಸಿದರೆ 991. ತಿಂಗಳಿಗೆ ಸುಮಾರು 83 ರೂಪಾಯಿ. ಈ ದುಡ್ಡಿಗೆ ವರ್ಷವಿಡೀ ನನ್ನ ಓಡಾಟದ ನಕ್ಷೆ ಕೊಡಬೇಕಾ ಅನ್ನುವುದು ಪ್ರಶ್ನೆ.

ಆದರೆ ಗೆಳೆಯನ ಹೊಸ ಕಾರಿಗೆ ಓನ್ ಡ್ಯಾಮೇಜ್ ಒಂದೇ 30,000. ಅಲ್ಲಿ ಅದೇ ಶೇಕಡಾ 20 ಅಂದರೆ ಜಿಎಸ್‌ಟಿ ಸೇರಿ 7,080 ರೂಪಾಯಿ. ಅದು ಸಣ್ಣ ದುಡ್ಡಲ್ಲ. ಹಾಗಾಗಿ ಹತ್ತು ವರ್ಷದ ಹಳೆಯ ಸಣ್ಣ ಕಾರಿನವರೂ ಹೊಸ ದೊಡ್ಡ ಕಾರಿನವರೂ ಒಂದೇ ಉತ್ತರಕ್ಕೆ ಬರಬೇಕಾಗಿಲ್ಲ.

ಎರಡನೆಯದು, ವರ್ಷಕ್ಕೆ ಎಷ್ಟು ಕಿಲೋಮೀಟರ್. ಇದನ್ನು ಊಹೆ ಮಾಡಬೇಡಿ, ಎಲ್ಲರೂ ಕಡಿಮೆಯೇ ಊಹಿಸುತ್ತಾರೆ. ಸರ್ವಿಸ್ ಬಿಲ್ ತೆಗೆಯಿರಿ, ಒಡೋಮೀಟರ್ ಎಷ್ಟಿತ್ತು ಅಂತ ಅದರಲ್ಲೇ ಬರೆದಿರುತ್ತಾರೆ. ಮೇಷ್ಟ್ರ ಮನೆಯಲ್ಲಿ ಇಬ್ಬರೂ ಜಗಲಿಯಲ್ಲಿ ಕೂತು ನೋಡಿದೆವು. ಹಿಂದಿನ ವರ್ಷ 31,240, ಈ ವರ್ಷ 34,105. ಅಂದರೆ 2,865 ಕಿಲೋಮೀಟರ್. "ಅಷ್ಟೇನಾ?" ಅಂತ ಅವರಿಗೇ ಆಶ್ಚರ್ಯ.

ಮೂರನೆಯದು, ಆ ಕಾರನ್ನು ಇನ್ಯಾರು ಓಡಿಸುತ್ತಾರೆ. ನಾಲ್ಕನೆಯದು, ಏನೇನು ಮಾಹಿತಿ ಹೋಗುತ್ತದೆ, ಎಲ್ಲಿಗೆ ಹೋಗುತ್ತದೆ, ಬೇಡ ಅನ್ನಿಸಿದಾಗ ನಿಲ್ಲಿಸಬಹುದಾ. ಕೊನೆಯದು, ಕ್ಲೈಮ್ ಮಾಡುವ ದಿನ ಆ ಮಾಹಿತಿ ನಿಮ್ಮ ಪರ ಇರುತ್ತದಾ, ವಿರುದ್ಧವಾ. ರಿಯಾಯಿತಿ ಎಷ್ಟು ಅಂತ ಎಲ್ಲರೂ ಕೇಳುತ್ತಾರೆ, ಈ ಕೊನೆಯದನ್ನು ಮಾತ್ರ ಯಾರೂ ಕೇಳುವುದೇ ಇಲ್ಲ.

ಏನೂ ಬೇಡ, ಇದ್ದದ್ದೇ ಇರಲಿ

ಸಾಮಾನ್ಯ ಪಾಲಿಸಿಯನ್ನು ಹಳೇ ಕಾಲದ್ದು ಅಂತ ತಳ್ಳಿಹಾಕಬೇಡಿ. ಅದರಲ್ಲಿ ನೋ ಕ್ಲೈಮ್ ಬೋನಸ್ ಇದೆ. ಒಂದು ವರ್ಷ ಕ್ಲೈಮ್ ಮಾಡದಿದ್ದರೆ ಓನ್ ಡ್ಯಾಮೇಜ್‌ನಲ್ಲಿ ಶೇಕಡಾ 20, ಆಮೇಲೆ 25, 35, 45, ಐದು ವರ್ಷಕ್ಕೆ 50. ಯಾವ ಪೆಟ್ಟಿಗೆಯೂ ಇಲ್ಲದೆ, ಯಾವ ಆಪೂ ಇಲ್ಲದೆ ಅರ್ಧಕ್ಕರ್ಧ ಇಳಿಯುತ್ತದೆ. ಇನ್ನೊಂದು ವಿಷಯ, ಈ ಬೋನಸ್ ನಿಮ್ಮದು, ಕಾರಿನದ್ದಲ್ಲ, ಕಂಪನಿಯದ್ದೂ ಅಲ್ಲ. ಕಂಪನಿ ಬದಲಾಯಿಸಿದರೂ ಜತೆಗೆ ಬರುತ್ತದೆ, ಕಾರು ಮಾರಿ ಬೇರೆ ಕಾರು ತಗೊಂಡರೂ ಬರುತ್ತದೆ. ಪಾಲಿಸಿ ಮುಗಿದು 90 ದಿನದೊಳಗೆ ರಿನ್ಯೂ ಮಾಡಿದರೆ ಸಾಕು. ಆಪ್ ಕೊಡುವ ಡ್ರೈವಿಂಗ್ ಸ್ಕೋರ್ ಹಾಗಲ್ಲ. ಒಂದು ಕಂಪನಿಯಲ್ಲಿ ವರ್ಷವಿಡೀ ಕಷ್ಟಪಟ್ಟು ಗಳಿಸಿದ ಸ್ಕೋರನ್ನು ಇನ್ನೊಂದು ಕಂಪನಿ ಒಪ್ಪಬೇಕು ಅಂತ ಏನೂ ಇಲ್ಲ.

ಸಣ್ಣ ಗೀರು, ಬಂಪರ್ ತಗ್ಗು ಇಂಥದ್ದಕ್ಕೆಲ್ಲ ಕ್ಲೈಮ್ ಮಾಡದೆ ಕೈಯಿಂದ ರಿಪೇರಿ ಮಾಡಿಸಿಕೊಂಡು ಬೋನಸ್ ಉಳಿಸಿಕೊಂಡವರು ತುಂಬಾ ಜನ ಇದ್ದಾರೆ. ಈಗಾಗಲೇ ಶೇಕಡಾ 50 ಬೋನಸ್ ಇದ್ದರೆ, ಉಳಿದ ಅರ್ಧದಲ್ಲಿ ಇನ್ನೂ ಶೇಕಡಾ 10–20 ಇಳಿಸಲು ಹೋಗುವುದರಲ್ಲಿ ಹೆಚ್ಚಿನ ಹುರುಳಿಲ್ಲ. ವರ್ಷಕ್ಕೆ 12,000–15,000 ಕಿಲೋಮೀಟರಿಗಿಂತ ಜಾಸ್ತಿ ಓಡಿಸುವವರಿಗೂ ಇದೇ ಸರಿ.

ಕಿಲೋಮೀಟರ್ ಲೆಕ್ಕ

ಇದರಲ್ಲಿ ನೀವು ವರ್ಷಕ್ಕೆ ಇಷ್ಟು ಓಡಿಸುತ್ತೇನೆ ಅಂತ ಮೊದಲೇ ಒಂದು ಮಿತಿ ಆರಿಸಿಕೊಳ್ಳುತ್ತೀರಿ. ಒಡೋಮೀಟರ್‌ನ ಫೋಟೋ ತೆಗೆದು ಕಳಿಸುತ್ತೀರಿ. ಮಿತಿ ಮುಗಿಯುತ್ತಾ ಬಂದರೆ ಫೋನಿಗೆ ರೀಚಾರ್ಜ್ ಮಾಡಿದ ಹಾಗೆ ಟಾಪ್ ಅಪ್ ಮಾಡಬಹುದು. ಎಲ್ಲಾ ಕಂಪನಿಗಳಲ್ಲೂ ಒಂದೇ ಥರ ಇಲ್ಲ. ಕೆಲವರು ಮೊದಲೇ ಕಡಿಮೆ ತಗೊಳ್ಳುತ್ತಾರೆ, ಕೆಲವರು ವರ್ಷದ ಕೊನೆಗೆ ಕಿಲೋಮೀಟರ್ ನೋಡಿ ಮುಂದಿನ ರಿನ್ಯೂವಲ್‌ನಲ್ಲಿ ಬಿಡುತ್ತಾರೆ. ಮೊದಲೇ ಕಡಿಮೆ ಮಾಡುವುದೇ ಒಳ್ಳೆಯದು, ಕೊನೆಗೆ ಕೊಡುತ್ತೇವೆ ಅಂದರೆ ನೀವು ಅದೇ ಕಂಪನಿಗೆ ಕಟ್ಟುಬಿದ್ದ ಹಾಗಾಗುತ್ತದೆ.

ನನಗೆ ಇದು ಇಷ್ಟವಾಗುವುದಕ್ಕೆ ಒಂದೇ ಕಾರಣ: ಕಂಪನಿಗೆ ಬರಿಯ ಒಂದು ಸಂಖ್ಯೆ ಹೋಗುತ್ತದೆ. 34,105. ಅದರಲ್ಲಿ ನೀವು ಯಾರ ಮನೆಗೆ ಹೋಗಿದ್ದಿರಿ ಅಂತ ಇಲ್ಲ. ರಾತ್ರಿ ಹೋದಿರಾ ಹಗಲು ಹೋದಿರಾ ಅಂತ ಇಲ್ಲ. ಕಡಿಮೆ ಓಡಿಸಿದರೆ ಅಪಘಾತದ ಸಾಧ್ಯತೆಯೂ ಕಡಿಮೆ ಅನ್ನುವುದು ನ್ಯಾಯವಾದ ಲೆಕ್ಕ, ಅದನ್ನು ಸಾಬೀತು ಮಾಡಲು ಅಷ್ಟು ಮಾಹಿತಿ ಸಾಕು.

ತೊಂದರೆ ಎಲ್ಲಿದೆ ಅಂದರೆ ಮಿತಿ ದಾಟಿದಾಗ. ಟಾಪ್ ಅಪ್ ಮಾಡದೆ ದಾಟಿದ ಮೇಲೆ ಅಪಘಾತವಾದರೆ ನಿಮ್ಮ ಕಾರಿನ ರಿಪೇರಿಗೆ ಪೂರ್ತಿ ದುಡ್ಡು ಬರದೆ ಹೋಗಬಹುದು, ಏನೂ ಬರದೆಯೂ ಹೋಗಬಹುದು. ಅದು ಪಾಲಿಸಿಯ ಷರತ್ತಿನ ಮೇಲಿದೆ. ಥರ್ಡ್ ಪಾರ್ಟಿ ಮಾತ್ರ ಕಿಲೋಮೀಟರಿಗೆ ಕಟ್ಟುಬಿದ್ದಿಲ್ಲ, ಅದು ಪಾಲಿಸಿ ಇರುವ ತನಕ ಇದ್ದೇ ಇರುತ್ತದೆ. ಅದಕ್ಕೇ ಸರ್ವಿಸ್ ಬಿಲ್ಲಿನ ಲೆಕ್ಕಕ್ಕೆ ಇನ್ನೂ ಸ್ವಲ್ಪ ಸೇರಿಸಿಕೊಳ್ಳಿ. ಬೆಂಗಳೂರಿನಿಂದ ಶಿವಮೊಗ್ಗಕ್ಕೆ ಹೋಗಿಬಂದರೆ 600 ಕಿಲೋಮೀಟರ್ ಆಗಿಬಿಡುತ್ತದೆ. ದಸರಾ, ದೀಪಾವಳಿ, ಒಂದು ಮದುವೆ, ಒಂದು ಗೃಹಪ್ರವೇಶ ಅಂತ ನಾಲ್ಕು ಸಲ ಊರಿಗೆ ಹೋದರೆ 2,400. ಆಸ್ಪತ್ರೆ ಓಡಾಟ ಯಾವಾಗ ಬರುತ್ತದೆ ಅಂತ ಯಾರಿಗೆ ಗೊತ್ತು? ಹಾಗಾಗಿ ಮೇಷ್ಟ್ರಿಗೆ ನಾನು 2,865ಕ್ಕೆ 3,000 ಅಲ್ಲ, 5,000ದ ಮಿತಿ ತಗೊಳ್ಳಿ ಅಂದೆ. ಒಂದು ಸಣ್ಣ ಕೆಲಸವೂ ಇದೆ. ಫೋಟೋ ಕಳಿಸಿದ ದಿನ ಅದರ ಪ್ರತಿ ನಿಮ್ಮ ಹತ್ತಿರವೂ ಇಟ್ಟುಕೊಳ್ಳಿ. ಗ್ಯಾರೇಜಿನಲ್ಲಿ ಒಡೋಮೀಟರ್ ಇರುವ ಕ್ಲಸ್ಟರ್ ಬದಲಾಯಿಸಿದರೆ ಬಿಲ್ ಜೋಪಾನ, ಕೂಡಲೇ ಕಂಪನಿಗೆ ಮೇಲ್ ಮಾಡಿ.

ಓಡಿಸುವ ರೀತಿ ನೋಡುವ ಆಪ್ ಮತ್ತು ಡಾಂಗಲ್

ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ, ಯಾಕಂದರೆ ನಾನೇ ಮೂರು ವಾರ ಇಂಥದ್ದೊಂದು ಆಪ್ ಹಾಕಿಕೊಂಡು ನೋಡಿದ್ದೇನೆ. ಯಾವ ಕಂಪನಿಯದು ಅಂತ ಬೇಡ.

ಆಪ್ ಕೆಲಸ ಮಾಡುವುದು ಹೀಗೆ. ಫೋನಿನ ಜಿಪಿಎಸ್‌ನಿಂದ ವೇಗ ಮತ್ತು ಜಾಗ, ಒಳಗಿನ ಸೆನ್ಸರ್‌ನಿಂದ ಕುಲುಕಾಟ. ಗಟ್ಟಿಯಾಗಿ ಬ್ರೇಕ್ ಹಾಕಿದರೆ, ತಿರುವಿನಲ್ಲಿ ಜೋರಾಗಿ ಎಳೆದರೆ, ಓಡಿಸುವಾಗ ಫೋನ್ ಕೈಗೆತ್ತಿಕೊಂಡರೆ ಅಂಕ ಕಡಿಮೆ. ಲೊಕೇಶನ್ ಅನುಮತಿಯನ್ನು "ಯಾವಾಗಲೂ" ಅಂತ ಕೊಡಲೇಬೇಕು, ಇಲ್ಲದಿದ್ದರೆ ಪ್ರಯಾಣ ಲೆಕ್ಕಕ್ಕೆ ಬರುವುದಿಲ್ಲ.

ಮೊದಲ ವಾರ ನನಗೆ 86 ಬಂತು, ಖುಷಿಯಾಯಿತು. ಎರಡನೆಯ ವಾರ ತೀರ್ಥಹಳ್ಳಿ ಮೇಲೆ ಆಗುಂಬೆ ಘಾಟಿ ಇಳಿದು ಹೋಗಿಬಂದೆ. ಅಂಕ 71ಕ್ಕೆ ಬಿತ್ತು. ಘಾಟಿಯ ತಿರುವುಗಳಲ್ಲಿ ನಿಧಾನಕ್ಕೇ ಇಳಿದಿದ್ದೆ. ಆದರೆ ತಿರುವು ಅಂದರೆ ತಿರುವೇ, ಎದುರಿಗೆ ಬಸ್ ಬಂದರೆ ಬ್ರೇಕ್ ಹಾಕಲೇಬೇಕು. ವಾಪಸ್ ಬರುವಾಗ ಒಂದು ಹಳ್ಳಿಯ ಸ್ಕೂಲಿನ ಮುಂದೆ ಬಿಳಿ ಬಣ್ಣ ಬಳಿಯದ ಹಂಪ್. ಸಂಜೆ ಹೊತ್ತು, ಹತ್ತಿರ ಬರುವ ತನಕ ಕಾಣಲೇ ಇಲ್ಲ. ಬಲವಾಗಿ ಬ್ರೇಕ್ ತುಳಿದೆ. ಮನೆಗೆ ಬಂದು ಆಪ್ ತೆಗೆದರೆ ಆ ಜಾಗದಲ್ಲಿ ಒಂದು ಕೆಂಪು ಚುಕ್ಕೆ, 6 ಗಂಟೆ 42 ನಿಮಿಷ, ಒರಟು ಬ್ರೇಕಿಂಗ್ ಅಂತ. ಅಲ್ಲಿ ಬ್ರೇಕ್ ಹಾಕದವನೇ ತಪ್ಪು ಚಾಲಕ, ಅಲ್ವಾ? ನಮ್ಮ ರಸ್ತೆಗೆ ಅಡ್ಡ ಬರುವ ಹಸು, ಇದ್ದಕ್ಕಿದ್ದಂತೆ ತಿರುಗುವ ಆಟೋ, ರಾಂಗ್ ಸೈಡಿನಲ್ಲಿ ಬರುವ ಬೈಕು ಇವು ಯಾವುವೂ ಆ ಸೆನ್ಸರ್‌ಗೆ ಕಾಣುವುದಿಲ್ಲ. ಅದಕ್ಕೆ ಕಾಣುವುದು ನಿಮ್ಮ ಕಾಲು ಮಾತ್ರ.

ಆದರೆ ನನ್ನನ್ನು ನಿಜವಾಗಿ ಯೋಚನೆಗೆ ಹಚ್ಚಿದ್ದು ಅಂಕ ಅಲ್ಲ. ಮೂರನೆಯ ವಾರದ ಕೊನೆಗೆ ಪ್ರಯಾಣಗಳ ಪಟ್ಟಿ ನೋಡುತ್ತಿದ್ದೆ. ಮಂಗಳವಾರ, ಶುಕ್ರವಾರ, ಮತ್ತೆ ಮಂಗಳವಾರ, ಶುಕ್ರವಾರ, ಒಟ್ಟು ಆರು ಸಲ, ಬೆಳಿಗ್ಗೆ ಹತ್ತೂವರೆಗೆ, ಒಂದೇ ಕಟ್ಟಡದ ಮುಂದೆ 50 ನಿಮಿಷ ಕಾರು ನಿಂತಿದೆ. ಅಪ್ಪನನ್ನು ಫಿಸಿಯೋಥೆರಪಿಗೆ ಕರೆದುಕೊಂಡು ಹೋಗುತ್ತಿದ್ದ ದಿನಗಳು. ನಮ್ಮ ಮನೆಯಲ್ಲಿ ಯಾರಿಗೋ ಹುಷಾರಿಲ್ಲ, ಎಷ್ಟು ದಿನದಿಂದ ಹುಷಾರಿಲ್ಲ ಅನ್ನುವುದನ್ನು ನಾನು ಯಾರಿಗೂ ಹೇಳದೆಯೇ ಆ ನಕ್ಷೆ ಹೇಳುತ್ತಿತ್ತು. "ನಾನೇನು ಕಳ್ಳನಾ, ನೋಡಿದ್ರೆ ನೋಡ್ಲಿ ಬಿಡಿ" ಅಂತ ತುಂಬಾ ಜನ ಹೇಳುತ್ತಾರೆ. ಮುಚ್ಚಿಡಲು ತಪ್ಪು ಮಾಡಿರಬೇಕಾಗಿಲ್ಲ. ಮನೆಯ ವಿಷಯ ಮನೆಯಲ್ಲಿರಲಿ ಅನ್ನುವುದಷ್ಟೇ ಸಾಕು. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತಲ್ಲ, ಆ ಮೊಕದ್ದಮೆ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 86ನೇ ವಯಸ್ಸಿನ ಆಸುಪಾಸಿನಲ್ಲಿ ಅವರು ಕೋರ್ಟಿನ ಮೆಟ್ಟಿಲು ಹತ್ತಿ ನಮಗೆ ತಂದುಕೊಟ್ಟ ಹಕ್ಕು ಅದು. 83 ರೂಪಾಯಿಗೆ ಬಿಟ್ಟುಕೊಡುವ ಮುಂಚೆ ಒಂದು ಸಲ ಯೋಚಿಸಬೇಕು ಅಂತ ನನಗನ್ನಿಸಿತು.

ಇನ್ನೊಂದು ಮುಖವೂ ಇದೆ, ಅದು ಮನೆಯೊಳಗಿನದು. ಕಂಪನಿಗಿಂತ ಮೊದಲು ಈ ನಕ್ಷೆ ನೋಡುವವರು ಮನೆಯವರೇ. ಕಾರು ಗಂಡನ ಹೆಸರಿನಲ್ಲಿ, ಆಪ್ ಗಂಡನ ಫೋನಿನಲ್ಲಿ, ಓಡಿಸುವುದು ಹೆಂಡತಿ. ಅಥವಾ ಅಪ್ಪನ ಫೋನು, ಓಡಿಸುವವಳು ಮಗಳು. ಅವಳು ಎಲ್ಲಿ ನಿಂತಳು, ಎಷ್ಟು ಹೊತ್ತು ನಿಂತಳು ಅನ್ನುವುದು ಅವಳ ಒಪ್ಪಿಗೆ ಇಲ್ಲದೆ ಗೊತ್ತಾಗುವುದು ಸರಿಯಲ್ಲ. ಸಂಬಳದ ಡ್ರೈವರ್ ಇದ್ದರೆ ಅವರಿಗೂ ಹೇಳಿ. ಡಾಂಗಲ್ ಹಾಕಿಸುವ ಮುಂಚೆ ಆ ಕಾರು ಓಡಿಸುವ ಎಲ್ಲರನ್ನೂ ಕೂರಿಸಿಕೊಂಡು ಮಾತಾಡಿ.

ಡಾಂಗಲ್ ಅಂದರೆ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಸಾಧನ. ಸ್ಟೀರಿಂಗಿನ ಕೆಳಗೆ, ಮೊಣಕಾಲಿನ ಹತ್ತಿರ, ಮೆಕ್ಯಾನಿಕ್ ಸ್ಕ್ಯಾನರ್ ಚುಚ್ಚುವ 16 ಪಿನ್ನಿನ ಒಬಿಡಿ ಕಿಂಡಿ ಇರುತ್ತದಲ್ಲ, ಅದಕ್ಕೆ ಸಿಗಿಸುವುದು. ಆಪ್‌ಗಿಂತ ಇದರಲ್ಲಿ ಎರಡು ಅನುಕೂಲ. ನೀವು ಬಸ್ಸಿನಲ್ಲಿ ಹೋದರೂ, ಗೆಳೆಯನ ಕಾರಿನ ಹಿಂದಿನ ಸೀಟಿನಲ್ಲಿ ಕೂತರೂ ಅದು ನಿಮ್ಮ ಡ್ರೈವಿಂಗ್ ಅಂತ ತಪ್ಪಾಗಿ ಬರೆದುಕೊಳ್ಳುವುದಿಲ್ಲ. ನಿಮ್ಮ ಫೋನಿನ ಬೇರೆ ಯಾವುದನ್ನೂ ಮುಟ್ಟುವುದಿಲ್ಲ. ಅನಾನುಕೂಲ ಏನಂದರೆ ಯಾರೇ ಓಡಿಸಿದರೂ ಕಾರಿನ ಲೆಕ್ಕಕ್ಕೇ ಬರುತ್ತದೆ. ಭಾವಮೈದುನ ಒಂದು ದಿನ ತಗೊಂಡು ಹೋಗಿ ಜೋರಾಗಿ ಓಡಿಸಿದರೆ ಅಂಕ ನಿಮ್ಮದೇ ಹೋಗುವುದು. ಅದು ಬ್ಯಾಟರಿಯಿಂದ ಸದಾ ಸ್ವಲ್ಪ ಕರೆಂಟ್ ಎಳೆಯುತ್ತದೆ, ಹಾಗಾಗಿ ವಾರಗಟ್ಟಲೆ ನಿಲ್ಲುವ ಕಾರಿಗೆ ಒಳ್ಳೆಯದಲ್ಲ. ವಾರಂಟಿ ಇರುವ ಕಾರಾದರೆ ಶೋರೂಮಿನವರನ್ನು ಕೇಳಿಯೇ ಹಾಕಿಸಿ.

ಹಾಗಾದರೆ ಇದು ಯಾರಿಗೆ? ಕಾರು ದುಬಾರಿ, ಓನ್ ಡ್ಯಾಮೇಜ್ ದೊಡ್ಡದು, ಹೆಚ್ಚಾಗಿ ಹಗಲು ಹೊತ್ತು ಹೈವೇಯಲ್ಲಿ ಓಡಾಟ, ಒಬ್ಬರೇ ಓಡಿಸುವವರು, ಕ್ಲೈಮ್ ಆಗಿ ಬೋನಸ್ ಕಳೆದುಕೊಂಡಿದ್ದಾರೆ, ಇಂಥವರಿಗೆ ನಿಜವಾಗಿ ದುಡ್ಡು ಉಳಿಯಬಹುದು. ಹೊಸದಾಗಿ ಕಲಿತ ಮಕ್ಕಳಿಗೆ ಇದು ಕಲಿಸುವ ಸಾಧನವಾಗಿಯೂ ಒಳ್ಳೆಯದು. ಫೋನ್ ಮುಟ್ಟಿದ್ದು, 100 ದಾಟಿದ್ದು ಅವರ ಕಣ್ಣಿಗೇ ಕಾಣುತ್ತದೆ. ಬ್ರಿಟನ್ನಿನಲ್ಲಿ ಇಂಥ ಪೆಟ್ಟಿಗೆ ಹೆಚ್ಚು ಬಳಕೆಗೆ ಬಂದದ್ದೇ ಎಳೆಯ ಚಾಲಕರಿಂದ, ಯಾಕಂದರೆ ಅಲ್ಲಿ ಅವರ ಪ್ರೀಮಿಯಂ ವಿಪರೀತ ಜಾಸ್ತಿ.

ಕಾರಿನ ಒಳಗೇ ಇರುವ ಸಿಮ್

ಪೆಟ್ಟಿಗೆ ಬೇಡ ಅಂದವರ ಕಾರಿನಲ್ಲೂ ಅದು ಈಗಾಗಲೇ ಇರಬಹುದು. 2019ರಲ್ಲಿ ಹ್ಯುಂಡೈ ವೆನ್ಯೂ, ಎಂಜಿ ಹೆಕ್ಟರ್ ಬಂದಾಗಿನಿಂದ ನಮ್ಮಲ್ಲೂ ಕನೆಕ್ಟೆಡ್ ಕಾರು ಮಾಮೂಲಾಗಿದೆ. ಕಾರು ಎಲ್ಲಿದೆ, ಎಸಿ ಆನ್ ಮಾಡಲಾ, ಟೈರಿನಲ್ಲಿ ಗಾಳಿ ಎಷ್ಟಿದೆ ಅಂತ ಫೋನಿನಲ್ಲೇ ನೋಡಬಹುದು. ಕಳ್ಳತನ ಆದರೆ ಹುಡುಕಲು, ಅಪಘಾತ ಆದರೆ ಸಹಾಯ ಕರೆಯಲು ಅದು ನಿಜಕ್ಕೂ ಉಪಯೋಗ. ಆದರೆ ಆ ಮಾಹಿತಿ ಮೊದಲು ಹೋಗುವುದು ಕಾರು ಮಾಡಿದವರ ಸರ್ವರ್‌ಗೆ.

ಅಮೆರಿಕದಲ್ಲಿ ಆದದ್ದು ತಿಳಿದುಕೊಂಡರೆ ಒಳ್ಳೆಯದು. ಜನರಲ್ ಮೋಟರ್ಸ್ ಕಾರುಗಳ ಸ್ಮಾರ್ಟ್ ಡ್ರೈವರ್ ಅನ್ನುವ ಸೌಲಭ್ಯದಿಂದ ಚಾಲಕರ ಮಾಹಿತಿ ಲೆಕ್ಸಿಸ್‌ನೆಕ್ಸಿಸ್‌ನಂಥ ಮಧ್ಯವರ್ತಿ ಕಂಪನಿಗಳಿಗೆ, ಅಲ್ಲಿಂದ ಇನ್ಶೂರೆನ್ಸ್ ಕಂಪನಿಗಳಿಗೆ ಹೋಗುತ್ತಿತ್ತು ಅಂತ ನ್ಯೂಯಾರ್ಕ್ ಟೈಮ್ಸ್ 2024ರ ಮಾರ್ಚ್‌ನಲ್ಲಿ ಬರೆಯಿತು. ಷೆವ್ರೊಲೆ ಬೋಲ್ಟ್ ಕಾರು ಓಡಿಸುತ್ತಿದ್ದ ಒಬ್ಬರಿಗೆ ಪ್ರೀಮಿಯಂ ಶೇಕಡಾ 21 ಏರಿತ್ತು. ಯಾಕೆ ಅಂತ ಹುಡುಕಿ ಅವರು ತಮ್ಮ ವರದಿ ತರಿಸಿಕೊಂಡರೆ 258 ಪುಟ. ಆರು ತಿಂಗಳಲ್ಲಿ ಅವರೂ ಅವರ ಹೆಂಡತಿಯೂ ಮಾಡಿದ 640 ಪ್ರಯಾಣಗಳು, ಹೊರಟ ಹೊತ್ತು, ಮುಟ್ಟಿದ ಹೊತ್ತು, ಗಟ್ಟಿಯಾಗಿ ಹಾಕಿದ ಬ್ರೇಕು ಸಮೇತ. ಸುದ್ದಿ ಬಂದ ಕೆಲವೇ ದಿನಗಳಲ್ಲಿ ಜಿಎಂ ಆ ಹಂಚಿಕೆ ನಿಲ್ಲಿಸಿತು. 2025ರ ಜನವರಿಯಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಐದು ವರ್ಷ ಇಂಥ ಮಾಹಿತಿಯನ್ನು ಆ ಬಗೆಯ ಸಂಸ್ಥೆಗಳಿಗೆ ಕೊಡಬಾರದು ಅಂತ ಕರಡು ಆದೇಶ ಪ್ರಕಟಿಸಿತು. ಕೆಲವು ಸಲ ಮೂರು ಸೆಕೆಂಡಿಗೊಮ್ಮೆ ಜಾಗದ ಮಾಹಿತಿ ಸಂಗ್ರಹವಾಗುತ್ತಿತ್ತು ಅಂತಲೂ ಆಯೋಗ ಹೇಳಿತು.

ಹಾಗಾಗಿ ಕಾರಿನ ಪರದೆಯಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ಡೇಟಾ ಹಂಚಿಕೆ, ಡ್ರೈವಿಂಗ್ ಸ್ಕೋರ್ ಅನ್ನುವುದೆಲ್ಲ ಎಲ್ಲಿದೆ ನೋಡಿ. ಬೇಡದ್ದನ್ನು ಆಫ್ ಮಾಡಿ, ತುರ್ತು ಸಹಾಯ ಮಾತ್ರ ಇರಲಿ. ಇದಕ್ಕೆ ಹತ್ತು ನಿಮಿಷ ಸಾಕು. ಶೋರೂಮಿನಲ್ಲಿ ಡೆಲಿವರಿ ದಿನ ಪೂಜೆ, ಫೋಟೋ ಗಡಿಬಿಡಿಯಲ್ಲಿ ಅವರೇ ನಿಮ್ಮ ಫೋನಿನಲ್ಲಿ ಎಲ್ಲದಕ್ಕೂ ಒಪ್ಪಿಗೆ ಒತ್ತಿರುತ್ತಾರೆ.

ಅಮೆರಿಕದಲ್ಲಿ ಇರುವ ನಮ್ಮವರಿಗೆ ಒಂದು ಮಾತು. ಕ್ಯಾಲಿಫೋರ್ನಿಯಾದಲ್ಲಿ ಇದ್ದರೆ, 1988ರ ಪ್ರೊಪೊಸಿಷನ್ 103 ಅನ್ನುವ ಕಾನೂನು ನಿಮ್ಮ ಜತೆಗಿದೆ. ಅಲ್ಲಿ ಚಾಲನೆಯ ದಾಖಲೆ, ವರ್ಷದ ಮೈಲುಗಳು, ಎಷ್ಟು ವರ್ಷದ ಅನುಭವ ಇವೇ ಮುಖ್ಯ, ಉಪಕರಣ ಹಾಕಿದರೂ ಅದು ಮೈಲು ಅಳೆಯಲು ಮಾತ್ರ. ಬೇರೆ ರಾಜ್ಯಗಳಲ್ಲಿ ಹಾಗಿಲ್ಲ. ಅಲ್ಲಿ ಯಾವ ರಾಜ್ಯದಲ್ಲೇ ಇರಿ, ಲೆಕ್ಸಿಸ್‌ನೆಕ್ಸಿಸ್‌ನಿಂದ ನಿಮ್ಮ ವರದಿಯನ್ನು ಉಚಿತವಾಗಿ ತರಿಸಿಕೊಳ್ಳುವ ಹಕ್ಕು ಇದೆ. ಕಾರಿನ ಇಡಿಆರ್ ಮಾಹಿತಿ ಮಾಲೀಕರದ್ದು ಅಂತ ಅಲ್ಲಿನ 2015ರ ಚಾಲಕರ ಖಾಸಗಿತನದ ಕಾಯ್ದೆ ಹೇಳುತ್ತದೆ.

ಡ್ಯಾಶ್‌ಕ್ಯಾಮ್

ಇದರಿಂದ ಪ್ರೀಮಿಯಂ ಇಳಿಯುತ್ತದೆ ಅಂತ ನಂಬಿಕೊಂಡು ತಗೊಳ್ಳಬೇಡಿ. ಆದರೆ "ತಪ್ಪು ನನ್ನದಲ್ಲ" ಅಂತ ತೋರಿಸಲು ಸಾಕ್ಷಿ ಬೇಕಾದರೆ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಮೆಮೊರಿ ಕಾರ್ಡ್ ನಿಮ್ಮ ಹತ್ತಿರ, ಯಾರಿಗೆ ಕೊಡಬೇಕು ಅನ್ನುವುದೂ ನಿಮ್ಮ ಕೈಯಲ್ಲಿ. ಅಪಘಾತವಾದ ಕೂಡಲೇ ಕಾರ್ಡ್ ತೆಗೆದಿಡಿ, ಇಲ್ಲದಿದ್ದರೆ ಅದರ ಮೇಲೇ ಹೊಸದು ಬರೆದುಕೊಳ್ಳುತ್ತದೆ. ಕೋರ್ಟಿಗೆ ಕೊಡುವುದಾದರೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು, ವಕೀಲರನ್ನು ಕೇಳಿ. ಕಾರಿನ ಒಳಗಿನ ಮಾತು ರೆಕಾರ್ಡ್ ಆಗುವುದನ್ನು ಆಫ್ ಮಾಡಿಟ್ಟುಕೊಳ್ಳಿ.

ಮೂವರಿಗೆ ನಾನು ಹೇಳಿದ್ದು

ಮೇಷ್ಟ್ರದು ಸುಲಭ. ಕಿಲೋಮೀಟರ್ ಪಾಲಿಸಿ, 5,000ದ ಮಿತಿ. ಡಾಂಗಲ್ ಖಂಡಿತ ಬೇಡ, ವಾರದಲ್ಲಿ ಐದು ದಿನ ನಿಲ್ಲುವ ಕಾರಿನ ಬ್ಯಾಟರಿ ಕೂತುಬಿಡಬಹುದು.

ಅತ್ತಿಗೆಗೆ ಆಪ್ ಬೇಡ ಅಂದೆ. ಕೆಲವು ಕಡೆ ನಡುರಾತ್ರಿಯ ಓಡಾಟವನ್ನೇ ಅಪಾಯ ಅಂತ ಅಂಕ ಕಳೆಯುತ್ತಾರೆ. ರೋಗಿಗಳನ್ನು ನೋಡಿಕೊಂಡು ಬೆಳಗಿನ ಜಾವ ಎರಡು ಗಂಟೆಗೆ ಮನೆಗೆ ಬರುವವರಿಗೆ ಅದು ಅನ್ಯಾಯ. ಒಂಟಿಯಾಗಿ ಓಡಾಡುವ ಹೆಂಗಸಿನ ದಿನಚರಿ, ಮನೆ ವಿಳಾಸ, ಹೊತ್ತು ಎಲ್ಲವೂ ಒಂದೇ ಸರ್ವರ್‌ನಲ್ಲಿ ಇರುವುದೂ ನನಗೆ ಸರಿ ಕಾಣಲಿಲ್ಲ. ಅವರಿಗೆ ಶೇಕಡಾ 45 ಬೋನಸ್ ಇದೆ. ಸಾಮಾನ್ಯ ಪಾಲಿಸಿ, ಜತೆಗೆ ಒಂದು ಡ್ಯಾಶ್‌ಕ್ಯಾಮ್.

ಗೆಳೆಯನದ್ದು ಕಷ್ಟದ ಪ್ರಶ್ನೆ. ದುಡ್ಡು ನಿಜವಾಗಿ ಉಳಿಯುತ್ತದೆ, ಮಗನಿಗೆ ಕಲಿಯಲೂ ಆಗುತ್ತದೆ. ಒಂದು ವರ್ಷಕ್ಕೆ ಡಾಂಗಲ್ ಹಾಕಿಸು, ಆದರೆ ಮಗನಿಗೆ ಹೇಳಿ ಹಾಕಿಸು, ಅಂಕ ಇಬ್ಬರೂ ಸೇರಿ ನೋಡಿ, ನಕ್ಷೆ ನೋಡುವ ಅಭ್ಯಾಸ ಬೇಡ ಅಂದೆ. ಅವನು ಇನ್ನೂ ಯೋಚನೆ ಮಾಡುತ್ತಿದ್ದಾನೆ.

ಒಪ್ಪುವ ಮುಂಚೆ ಕಂಪನಿಗೆ ಮೇಲ್ ಹಾಕಿ, ಉತ್ತರ ಮೇಲ್‌ನಲ್ಲೇ ಬರಲಿ, ಫೋನಿನ ಮಾತು ಬೇಡ. ಅಂಕ ಕಡಿಮೆಯಾದರೆ ಪ್ರೀಮಿಯಂ ಏರುತ್ತದಾ, ಬರಿಯ ರಿಯಾಯಿತಿ ತಪ್ಪುತ್ತದಾ? ಜಾಗದ ಮಾಹಿತಿ ಎಷ್ಟು ದಿನ ಇಟ್ಟುಕೊಳ್ಳುತ್ತೀರಿ? ಬೇರೆ ಯಾವ ಸಂಸ್ಥೆಗೆ ಕೊಡುತ್ತೀರಿ? ಕ್ಲೈಮ್ ಬಂದಾಗ ಈ ಮಾಹಿತಿ ಬಳಸುತ್ತೀರಾ, ಬಳಸಿದರೆ ನನಗೂ ಅದರ ಪ್ರತಿ ಕೊಡುತ್ತೀರಾ? ನಡುವೆ ಬಿಟ್ಟರೆ ಏನಾಗುತ್ತದೆ? ಒಂದು ಸರ್ವರ್‌ನಲ್ಲಿ ಇದೆ ಅಂದಮೇಲೆ ಪೊಲೀಸರೂ ಕೋರ್ಟೂ ಕಾನೂನು ಪ್ರಕಾರ ಅದನ್ನು ತರಿಸಿಕೊಳ್ಳಬಹುದು ಅನ್ನುವುದೂ ನೆನಪಿರಲಿ. ನಮ್ಮ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ 2023ರಲ್ಲಿ ಬಂತು, ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ವಾಪಸ್ ಪಡೆಯುವ ಹಕ್ಕು, ಅಳಿಸಿ ಅಂತ ಕೇಳುವ ಹಕ್ಕು ಅದರಲ್ಲಿದೆ. ಆದರೆ ಮುಖ್ಯ ಭಾಗಗಳು ಜಾರಿಗೆ ಬರಲು ನಿಯಮ ಪ್ರಕಟವಾದ ದಿನದಿಂದ 18 ತಿಂಗಳ ಕಾಲಾವಕಾಶ ಕೊಟ್ಟಿದ್ದಾರೆ. ಅಲ್ಲಿಯ ತನಕ ಆ ಮೇಲ್ ನಿಮ್ಮ ಹತ್ತಿರ ಇರಲಿ. ಕಂಪನಿ ಮಾತು ತಪ್ಪಿದರೆ ಮೊದಲು ಅವರಿಗೇ ದೂರು, ಆಮೇಲೆ ಐಆರ್‌ಡಿಎಐನ ಬಿಮಾ ಭರೋಸಾ ಪೋರ್ಟಲ್, ಅದೂ ಆಗದಿದ್ದರೆ ಬೆಂಗಳೂರಿನಲ್ಲಿರುವ ವಿಮಾ ಓಂಬುಡ್ಸ್‌ಮನ್. ಅಲ್ಲಿ ಶುಲ್ಕ ಇಲ್ಲ, ವಕೀಲರೂ ಬೇಕಿಲ್ಲ.

ಕಾರು ಮಾರುವ ದಿನ ಡಾಂಗಲ್ ಕಿತ್ತುಕೊಳ್ಳಿ, ಕಾರಿನ ಪರದೆಯಲ್ಲಿ ಫ್ಯಾಕ್ಟರಿ ರೀಸೆಟ್ ಮಾಡಿ, ಫೋನಿನ ಆಪ್‌ನಿಂದ ಆ ಕಾರನ್ನು ತೆಗೆಯಿರಿ. ಸೆಕೆಂಡ್ ಹ್ಯಾಂಡ್ ತಗೊಳ್ಳುತ್ತಿದ್ದರೆ ಹಳೆಯ ಮಾಲೀಕರು ಇದನ್ನು ನಿಮ್ಮ ಎದುರಿಗೇ ಮಾಡಲಿ. ಮಾಡದಿದ್ದರೆ ನಿಮ್ಮ ಕಾರು ಈಗ ಎಲ್ಲಿ ನಿಂತಿದೆ ಅಂತ ಅವರ ಫೋನಿನಲ್ಲಿ ಇನ್ನೂ ಕಾಣುತ್ತಲೇ ಇರುತ್ತದೆ.